ಕೇಟ್ ಬುಷ್: 1985ರ ಹಾಡು 2022ರಲ್ಲಿ ನಂಬರ್ ಒನ್ ಆಗಿದ್ದು ಬರೀ ಸೀರೀಸ್‌ನಿಂದಲೇನಾ?

ಗುಡ್ಡದಮನೆ
ನೆಟ್‌ಫ್ಲಿಕ್ಸ್ ಸೀರೀಸ್ ‘ಸ್ಟ್ರೇಂಜರ್ ಥಿಂಗ್ಸ್’ನ ನಾಲ್ಕನೇ ಸೀಸನ್ 2022ರ ಮೇ 27ಕ್ಕೆ ಬಂತು. ಜೂನ್ 17ಕ್ಕೆ, ಅದರಲ್ಲಿ ಬಂದಿದ್ದ ಬ್ರಿಟಿಷ್ ಗಾಯಕಿ ಕೇಟ್ ಬುಷ್ ಅವರ ‘ರನ್ನಿಂಗ್ ಅಪ್ ದಟ್ ಹಿಲ್’ ಬ್ರಿಟನ್ನಿನಲ್ಲಿ ನಂಬರ್ ಒನ್. ಹಾಡು ಬಿಡುಗಡೆ ಆಗಿದ್ದು 1985ರ ಆಗಸ್ಟ್ 5ಕ್ಕೆ, ಆಗ ಮೂರನೇ ಸ್ಥಾನದವರೆಗೆ ಹೋಗಿ ನಿಂತಿತ್ತು. ಎಲ್ಲಿ ನೋಡಿದ್ರೂ “ನೆಟ್‌ಫ್ಲಿಕ್ಸ್ ಎತ್ತಿ ಕೂರಿಸ್ತು” ಅಂತಲೇ ಬರೀತಾರೆ. ನನಗೆ ಅದು ಅರ್ಧ ಉತ್ತರ ಅನ್ಸುತ್ತೆ. ಅದೇ ಸೀಸನ್ನಿನ ಕೊನೇ ಕಂತಲ್ಲಿ ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ ಅಷ್ಟು ಅಬ್ಬರದಲ್ಲಿ ಬಂತಲ್ಲ, ಅದು ಟಾಪ್ 40ರೊಳಗೆ ಕಾಲಿಟ್ಟು ಅಲ್ಲಿಗೇ ಸುಮ್ಮನಾಯ್ತು.

ಹಾಗಾದ್ರೆ ಈ ಹಾಡಲ್ಲಿ ಏನಿದೆ? ಚಾರ್ಟ್ ಲೆಕ್ಕ ಗೊತ್ತಿರೋರು, ಕೀಬೋರ್ಡ್ ನುಡಿಸೋರು, ಹಳೇ ಎಲ್‌ಪಿ ಜನ ಎಲ್ಲ ಬನ್ನಿ. ಯಾವ ವರ್ಷನ್ ಕೇಳ್ಬೇಕು ಅನ್ನೋದನ್ನೂ ಹೇಳಿ, ಆ್ಯಪ್‌ನಲ್ಲಿ ಒಂದೇ ಹೆಸರಲ್ಲಿ ನಾಲ್ಕೈದು ಬರುತ್ತೆ.

ಪಟ್ಟಿಪ್ರಿಯ
ಚಾರ್ಟ್ ಲೆಕ್ಕದಿಂದ ಶುರು ಮಾಡೋಣ, ಯಾಕಂದ್ರೆ ಅಲ್ಲೇ ಅರ್ಧ ಕಥೆ ಇದೆ.

ಬ್ರಿಟನ್ನಿನ ಅಫಿಷಿಯಲ್ ಚಾರ್ಟ್‌ನಲ್ಲಿ ಸ್ಟ್ರೀಮಿಂಗನ್ನ ಇದ್ದಂಗೇ ಎಣಿಸಲ್ಲ. ದುಡ್ಡು ಕಟ್ಟಿ ಕೇಳೋರ 100 ಪ್ಲೇ ಸೇರಿದ್ರೆ ಒಂದು ಮಾರಾಟ. ಜಾಹೀರಾತು ಸಹಿಸ್ಕೊಂಡು ಪುಕ್ಕಟೆ ಕೇಳೋರದ್ದಾದ್ರೆ 600ಕ್ಕೆ ಒಂದು. ಇದು ಹೊಸ ಹಾಡಿನ ದರ. ಹಳೇ ಹಾಡಿಗೆ, ಮತ್ತೆ ಏರಿ ಇಳಿಯೋಕೆ ಶುರುವಾಗಿರೋ ಹಾಡಿಗೆ ಬೇರೆ ದರ ಇತ್ತು: 200ಕ್ಕೆ ಒಂದು, 1200ಕ್ಕೆ ಒಂದು. ಎಸಿಆರ್ (ಆಕ್ಸಲರೇಟೆಡ್ ಚಾರ್ಟ್ ರೇಷಿಯೋ) ಅಂತಾರೆ. ಇಲ್ಲದಿದ್ರೆ ನಾಲ್ಕು ಹಾಡು ವರ್ಷಗಟ್ಟಲೆ ಮೇಲೆ ಕೂತ್ಕೊಂಡು ಹೊಸಬರಿಗೆ ಜಾಗವೇ ಬಿಡಲ್ಲ, ಅದಕ್ಕೆ ಆ ನಿಯಮ.

ವಾರಕ್ಕೆ 60 ಲಕ್ಷ ದುಡ್ಡಿನ ಪ್ಲೇ ಅಂತಿಟ್ಕೊಳ್ಳಿ (ಸುಮ್ನೆ ಲೆಕ್ಕಕ್ಕೆ). ಹೊಸ ಹಾಡಾದ್ರೆ 60,000 ಬರೀತಾರೆ, ಹಳೇದಾದ್ರೆ 30,000. ಕೇಳಿದ ಕಿವಿಗಳು ಅಷ್ಟೇ, ಅಂಕ ಮಾತ್ರ ಅರ್ಧ. ಕೇಟ್ ಹಾಡು ಮೊದಲ ವಾರ 8ರಲ್ಲಿತ್ತು, ಎರಡನೇ ವಾರ 2ರಲ್ಲಿ, ಮೇಲೆ ಹ್ಯಾರಿ ಸ್ಟೈಲ್ಸ್. ಮೂರನೇ ವಾರಕ್ಕೆ ಚಾರ್ಟ್‌ನವರು ವಿನಾಯಿತಿ ಕೊಟ್ಟು ಹೊಸ ಹಾಡಿನ ದರ ಹಾಕಿದ್ರು. ಸೀದಾ ಮೇಲಕ್ಕೆ. ಮೂರು ವಾರ ಇಳೀಲಿಲ್ಲ.

ಎಂಟನೇಕ್ರಾಸ್
ಅಂಪೈರು ನೋ ಬಾಲ್ ಕೊಟ್ಟು ಗೆಲ್ಸಿದ್ರು ಅನ್ನಿ.

ಪಟ್ಟಿಪ್ರಿಯ
ಉಲ್ಟಾ ಗುರು. ಮೊದಲೆರಡು ವಾರ ಫೋರ್ ಹೊಡೆದ್ರೂ ಎರಡೇ ರನ್ ಬರೀತಿದ್ರು. ಮೂರನೇ ವಾರ ನಾಲ್ಕಕ್ಕೆ ನಾಲ್ಕು ಬರೆದ್ರು.

ಪೇಡೆಪ್ರಿಯ_ಧಾರವಾಡ
ಅಮೆರಿಕಾದಾಗ ಈ ಲೆಕ್ಕ ಇಲ್ರೀ, ಅಲ್ಲಿ ನಿಯಮಾನ ಬ್ಯಾರೆ. ಆದ್ರೂ ನೋಡ್ರಿ, 1985ರಾಗ ಬಿಲ್‌ಬೋರ್ಡ್ ಹಾಟ್ 100ರಾಗ 30ಕ್ಕ ನಿಂತಿದ್ದ ಹಾಡು 2022ಕ್ಕ 3ಕ್ಕ ಬಂತು. ಹಂಗಾಗಿ ಬರೇ ವಿನಾಯಿತಿ ಮಾಡಿದ್ದು ಅಂತ ಹೇಳಾಕ ಬರಂಗಿಲ್ಲ.

ತೆಂಕಣಗಾಳಿ
ಮಾರಾಯ್ರೆ, ‘ಮರೆತು ಹೋದ ಹಾಡು ಎದ್ದು ಬಂತು’ ಅಂತ ಬರೆಯುವವರಿಗೆ ಒಂದು ನಮಸ್ಕಾರ. ಯಾರು ಮರೆತದ್ದು? 2003ರಲ್ಲಿ ಪ್ಲಾಸಿಬೋ ಬ್ಯಾಂಡ್ ಅದನ್ನು ನಿಧಾನ ಮಾಡಿ ಹಾಡಿತು, ಆ ವರ್ಷನ್ ಎಷ್ಟೋ ಟಿವಿ ಸೀರೀಸ್‌ಗಳಲ್ಲಿ ಬಂದಿದೆ. 2012ರ ಲಂಡನ್ ಒಲಿಂಪಿಕ್ಸ್ ಸಮಾರೋಪದಲ್ಲಿ ಕೇಟ್ ಅವರದ್ದೇ ಹೊಸ ರೀಮಿಕ್ಸ್ ಹಾಕಿದರು, ಅದು ಬ್ರಿಟನ್ನಿನಲ್ಲಿ 6ಕ್ಕೆ ಹೋಯಿತು. ಅಂದರೆ ಒಂದೇ ಹಾಡು 3, 6, 1. ಬೆಂಕಿ ಆರಿರಲಿಲ್ಲ, ಬೂದಿ ಮುಚ್ಚಿತ್ತು ಅಷ್ಟೆ.

ಗುಡ್ಡದಮನೆ
ಒಪ್ಪಿದೆ. ಆದ್ರೂ ನಂಬರ್ ಒನ್ ಆಗೋಕೆ 37 ವರ್ಷ! ಈ ದಾಖಲೆ ಮೊದಲು ಯಾರದ್ದಿತ್ತು?

ಪಟ್ಟಿಪ್ರಿಯ
ವ್ಯಾಮ್‌ನ ‘ಲಾಸ್ಟ್ ಕ್ರಿಸ್ಮಸ್’, 36 ವರ್ಷ. ಆದ್ರೆ ಅದು ಪ್ರತಿ ಡಿಸೆಂಬರ್‌ಗೆ ತಾನಾಗೇ ಬರುತ್ತೆ, ಸುಗ್ಗಿ ಬಂದ ಹಾಗೆ. ಇದಕ್ಕೆ ಹಬ್ಬ ಗಿಬ್ಬ ಏನೂ ಇಲ್ಲ.

ಜೊತೆಗೆ ಇನ್ನೆರಡು ದಾಖಲೆ ಬಿತ್ತು. ಒಂದು ನಂಬರ್ ಒನ್‌ಗೂ ಮುಂದಿನದಕ್ಕೂ ನಡುವಿನ ಅಂತರ 44 ವರ್ಷ (1978ರ ‘ವದರಿಂಗ್ ಹೈಟ್ಸ್’ನಿಂದ), ಮೊದಲು ಟಾಮ್ ಜೋನ್ಸ್ ಹೆಸರಲ್ಲಿ 42 ಇತ್ತು. ಮತ್ತೆ ನಂಬರ್ ಒನ್ ಆದ ಅತಿ ಹಿರಿಯ ಗಾಯಕಿ, 63ನೇ ವಯಸ್ಸಲ್ಲಿ. ಅದಕ್ಕೂ ಮೊದಲು ಶೇರ್, ‘ಬಿಲೀವ್’ ಹಾಡಿಗೆ, 52ರಲ್ಲಿ.

ಕೀಲಿಮಣೆಕಿಟ್ಟಿ
ಲೆಕ್ಕ ಸಾಕು, ಹಾಡಿಗೆ ಬನ್ನಿ. ಸಿ ಮೈನರ್, 108 ಬಿಪಿಎಂ (ನಿಮಿಷಕ್ಕೆ 108 ಬೀಟ್). ಶುರುವಿನಲ್ಲಿ ಮಂಜಿನ ಥರ ಒಂದು ಸದ್ದು ಮೇಲೇಳುತ್ತಲ್ಲ, ಅದು ಒಂದೇ ಸ್ವರ, ಸಿ. ಕೆಳಗಡೆ ಅದು ಹರೀತಾನೇ ಇರುತ್ತೆ, ಡ್ರೋನ್ ಅನ್ನೋದು ಇದನ್ನೇ. ಅದರ ಮೇಲೆ ಎ ಫ್ಲ್ಯಾಟ್ ಮೇಜರ್, ಬಿ ಫ್ಲ್ಯಾಟ್ ಮೇಜರ್, ಸಿ ಮೈನರ್ ಸುತ್ತುತ್ತೆ, ನಡುನಡುವೆ ಜಿ ಮೈನರ್ ಇಣುಕುತ್ತೆ. ಒಟ್ಟು ಹಾಡಿನ ಬಂಡವಾಳ ಇಷ್ಟೇ.

ಮನೇಲಿ ನುಡಿಸೋರಿಗೆ: ಮೊದಲು ಎಡಗೈ ಬಿಡಿ. ಒಂದು ಪ್ಯಾಡ್ ಸದ್ದು ಆರಿಸಿ, ಮಧ್ಯದ ಸಿ ಕೆಳಗಿನ ಸಿ ಒತ್ತಿ ಸಸ್ಟೇನ್ ಹಿಡೀರಿ ಅಥವಾ ಲೂಪರ್‌ಗೆ ಹಾಕಿ. ಕೀಬೋರ್ಡ್‌ನಲ್ಲಿ ಸ್ಪ್ಲಿಟ್ ಇದ್ರೆ ಡ್ರೋನ್ ಒಂದು ಕಡೆ, ಸ್ವರಮೇಳ ಒಂದು ಕಡೆ. ಆಮೇಲೆ ಸೆಲ್ಲೋ ಸದ್ದು. ಅಸಲಿ ಸೆಲ್ಲೋ ಪ್ಯಾಚ್ ಹಾಕಿದ್ರೆ ಕೆಡುತ್ತೆ, ತುಂಬ ಸಿಹಿಯಾಗುತ್ತೆ. ಬಿಟ್‌ಕ್ರಷರ್ ಇದ್ರೆ 8 ಬಿಟ್‌ಗೆ ಇಳಿಸಿ, ಮೇಲಿನ ಚುರುಕು ಫಿಲ್ಟರ್‌ನಲ್ಲಿ ಸ್ವಲ್ಪ ಕತ್ತರಿಸಿ, ಪೋರ್ಟಮೆಂಟೊ ಒಂಚೂರು ಕೊಡಿ. ಸ್ವರದಿಂದ ಸ್ವರಕ್ಕೆ ಜಾರಬೇಕು, ಹಾರಬಾರದು.

ಡ್ರಮ್ಮಿಗೆ ಗ್ಯಾಲಪ್. ಕುದುರೆ ಓಟ. ತೂಕ ಟಾಮ್‌ಗಳ (ದಪ್ಪ ಸದ್ದಿನ ಡ್ರಮ್) ಮೇಲೆ ಇರಲಿ. ಹೈ-ಹ್ಯಾಟ್ ಚಿಂಚಿಂ ಅಂತ ಹಾಕಿದ ತಕ್ಷಣ ಅದು ಡಿಸ್ಕೋ ಆಗಿಬಿಡುತ್ತೆ. ಎಲ್ಲರೂ ಎಡವೋದು ಅಲ್ಲೇ.

ಶ್ರುತಿಪೆಟ್ಟಿಗೆ
ಕಿಟ್ಟಿ ಹೇಳಿದ ಡ್ರೋನ್ ನಮಗೆ ತಂಬೂರಿ. ಸಿ ಅನ್ನು ಷಡ್ಜ ಅಂತ ಹಿಡಿದ್ರೆ ಹಾಡಿನ ಸ್ವರಗಳು ನಠಭೈರವಿ ಮೇಳದವು: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ. ಹಿಂದೂಸ್ತಾನಿಯವರಿಗೆ ಆಸಾವರಿ ಥಾಟ್.

ಮೊದಲ ಸ್ವರಮೇಳ ದ-ಸ-ಗ. ಷಡ್ಜ ಅದರೊಳಗೇ ಇದೆ, ಶ್ರುತಿ ಜೊತೆ ಜಗಳ ಇಲ್ಲ. ಎರಡನೇದು ನಿ-ರಿ-ಮ. ಇಲ್ಲಿ ಷಡ್ಜ ಇಲ್ಲ, ಆದ್ರೆ ಕೆಳಗೆ ಷಡ್ಜ ಮೊಳಗ್ತಾನೇ ಇದೆ, ಒಂದು ಪಕ್ಕ ನಿಷಾದ, ಇನ್ನೊಂದು ಪಕ್ಕ ರಿಷಭ ಅದನ್ನ ಒತ್ತುತ್ತೆ. ಕಿವಿಗೆ ಸಣ್ಣಗೆ ಕಚ್ಚಿದಂತಾಗುತ್ತೆ. ಮೂರನೇದು ಸ-ಗ-ಪ, ಮನೆ ಸೇರಿತು. ಮತ್ತೆ ದ-ಸ-ಗ ಅಂತ ಹೊರಟೇಬಿಡುತ್ತೆ, ಮನೇಲಿ ಕೂರೋಕೆ ಬಿಡಲ್ಲ. ಗುಡ್ಡ ಹತ್ತಿಸೋ ಕೆಲಸ ಈ ಎರಡನೇ ಸ್ವರಮೇಳದ್ದು. ಡ್ರೋನ್ ತೆಗೆದು ಬರೀ ಕಾರ್ಡ್ಸ್ ನುಡಿಸಿ ನೋಡಿ, ಹಾಡು ಸಪ್ಪೆ.

ಎಂಟನೇಕ್ರಾಸ್
ಎಲ್ಲದಕ್ಕೂ ರಾಗ ಹಚ್ಚೋದು ಬಿಡಿ ಸ್ವಾಮಿ. ಆಯಮ್ಮನಿಗೆ ನಠಭೈರವಿ ಗೊತ್ತಿತ್ತಾ?

ಶ್ರುತಿಪೆಟ್ಟಿಗೆ
ರಾಗ ಅಂದೆನಾ? ಮೇಳ ಅಂದೆ. ಸ್ವರಗಳ ಪಟ್ಟಿ. ಗಮಕ ಇಲ್ಲ, ಸಂಚಾರ ಇಲ್ಲ, ರಾಗ ಎಲ್ಲಿಂದ ಬರಬೇಕು? ಸ್ಟಾಫ್ ನೊಟೇಷನ್ ಓದಕ್ಕೆ ಬರದವರು ಹಾರ್ಮೋನಿಯಂನಲ್ಲಿ ಹಿಡ್ಕೊಳ್ಳಲಿ ಅಂತ ಹೇಳಿದ್ದು.

ಕೀಲಿಮಣೆಕಿಟ್ಟಿ
ಆ ಕಚ್ಚೋ ವಿಷಯ ಸರಿಯಾಗಿ ಹಿಡಿದ್ರಿ ಸರ್. ಗಂಡಸರು ಹಾಡೋಕೆ ನಾಲ್ಕೈದು ಮನೆ ಕೆಳಗಿಳಿಸ್ತಾರಲ್ಲ, ಆಗ ಡ್ರೋನ್ ಕೂಡ ಅಷ್ಟೇ ಇಳಿದು ಗೊಜ್ಜಾಗುತ್ತೆ. ಇಳಿಸಿದ್ರೆ ಡ್ರೋನನ್ನ ಒಂದು ಆಕ್ಟೇವ್ ಮೇಲೆ ಹಾಕಿ.

ಇನ್ನೊಂದು ಎಚ್ಚರಿಕೆ. 2012ರ ಒಲಿಂಪಿಕ್ಸ್ ರೀಮಿಕ್ಸ್ ಹಾಕ್ಕೊಂಡು ಜೊತೆಗೆ ನುಡಿಸಿದ್ರೆ ಶ್ರುತಿ ಸೇರಲ್ಲ. ಕೀಬೋರ್ಡ್ ಕೆಟ್ಟಿದೆ ಅಂದ್ಕೋಬೇಡಿ. ಹಳೇ 12 ಇಂಚಿನ ರೆಕಾರ್ಡಿನ ವರ್ಷನ್ನಿನ ಹಿನ್ನೆಲೆ ಟ್ರ್ಯಾಕನ್ನೇ ಅರ್ಧ ಸ್ವರ ಕೆಳಗಿಳಿಸಿ, ಅದರ ಮೇಲೆ ಹೊಸದಾಗಿ ಹಾಡಿದ್ದಾರೆ, ವಯಸ್ಸಿನ ಜೊತೆ ದನಿ ಇಳಿದಿತ್ತು. ಟ್ರಾನ್ಸ್‌ಪೋಸ್ ಮೈನಸ್ ಒಂದು ಮಾಡಿ.

ಹಳೇತಟ್ಟೆ
ಅಸಲಿ ಸೆಲ್ಲೋ ಪ್ಯಾಚ್ ಯಾಕೆ ಸರಿಹೊಂದಲ್ಲ ಅಂದ್ರೆ, ಅದು ಫೇರ್‌ಲೈಟ್ ಸಿಎಂಐ. ಸಿಡ್ನಿಯಲ್ಲಿ ಪೀಟರ್ ವೋಗೆಲ್, ಕಿಮ್ ರೈರಿ ಮಾಡಿದ, ಸದ್ದನ್ನ ಹಿಡಿದಿಟ್ಟು ಕೀಲಿಗಳಲ್ಲಿ ನುಡಿಸೋ ಯಂತ್ರ. ಒಂದು ಕೀಬೋರ್ಡು, ಒಂದು ಹಸಿರು ಪರದೆ, ಪರದೆ ಮೇಲೆ ಗೀಚೋಕೆ ಲೈಟ್ ಪೆನ್ನು, ಎಂಟು ಇಂಚಿನ ಫ್ಲಾಪಿ. ಏಕಕಾಲಕ್ಕೆ 8 ಧ್ವನಿ, ಶುರುವಿನ ಮಾದರಿಗಳಲ್ಲಿ ಒಂದೊಂದು ಧ್ವನಿಗೆ 16 ಕಿಲೋಬೈಟ್ ಮೆಮೊರಿ. 8 ಬಿಟ್ ಅಂದ್ರೆ ಒಂದು ಸ್ಯಾಂಪಲಿಗೆ ಒಂದು ಬೈಟ್. ಸೆಕೆಂಡಿಗೆ 16,000 ಸ್ಯಾಂಪಲ್ ತಗೊಂಡ್ರೆ ಒಂದು ಸೆಕೆಂಡಿಗೇ ಜಾಗ ಮುಗೀತು. ಇವತ್ತು ನೀವು ವಾಟ್ಸಾಪಲ್ಲಿ ಕಳ್ಸೋ “ಹ್ಞೂಂ” ಕೂಡ ಅದರೊಳಗೆ ಹಿಡಿಸಲ್ಲ.

ಅದಕ್ಕೇ ಉದ್ದ ಸ್ವರ ಬೇಕಂದ್ರೆ ಆ ತುಂಡನ್ನೇ ಸುತ್ತಿಸ್ಬೇಕು. ಸುತ್ತಿದ ಕಡೆ ಸಣ್ಣ ನಡುಕ ಬರುತ್ತೆ, ಮೇಲೆ ಒಂದು ಪುಡಿಪುಡಿ ಒರಟು. ಆ ಹಾಡಲ್ಲಿರೋ ‘ಸೆಲ್ಲೋ2’ ಯಂತ್ರದ ಜೊತೆಗೇ ಬರ್ತಿದ್ದ ಸದ್ದು. ಸೆಲ್ಲೋನೂ ಅಲ್ಲ, ಪ್ರಾಣಿ ಕೂಗೂ ಅಲ್ಲ ಅನ್ನೋ ಹಂಗೆ ಕೇಳಿಸೋದು ಯಂತ್ರದ ಬಡತನದಿಂದ.

ಡ್ರಮ್ ಲಿನ್‌ಡ್ರಮ್. ಅದೊಂದು ಡ್ರಮ್ ಯಂತ್ರ. ಪ್ರೋಗ್ರಾಂ ಮಾಡಿದ್ದು ಡೆಲ್ ಪಾಮರ್, ಆಗ ಕೇಟ್ ಅವರ ಸಂಗಾತಿ, ಬೇಸ್ ಕೂಡ ನುಡಿಸ್ತಿದ್ದವರು. ಅದರ ಮೇಲೆ ಸ್ಟುವರ್ಟ್ ಎಲಿಯಟ್ ನಿಜವಾದ ಡ್ರಮ್ಸ್. ಗಿಟಾರು ಅಲನ್ ಮರ್ಫಿ. ಬಾಲಲೈಕಾ (ರಷ್ಯಾದ ತಂತಿವಾದ್ಯ) ಕೇಟ್ ಅಣ್ಣ ಪ್ಯಾಡಿ ಬುಷ್.

ಮಲೆನಾಡಮಳೆ
ಫೇರ್‌ಲೈಟನ್ನ ಕೇಟ್ ಮೊದಲು ನೋಡಿದ್ದು ಗಾಯಕ ಪೀಟರ್ ಗೇಬ್ರಿಯಲ್ ಹತ್ರ. 1980ರ ಆತನ ಮೂರನೇ ಆಲ್ಬಮ್ಮಿಗೆ ಹಿನ್ನೆಲೆ ಹಾಡಿದ್ರು, ‘ಗೇಮ್ಸ್ ವಿದೌಟ್ ಫ್ರಾಂಟಿಯರ್ಸ್’ನಲ್ಲಿ ಆ ಫ್ರೆಂಚ್ ಸಾಲು ಹಾಡೋ ಹೆಣ್ಣುದನಿ ಕೇಟ್ ಅವರದ್ದು. ಅದೇ ವರ್ಷ ‘ಬಬೂಷ್ಕಾ’ದಲ್ಲಿ ಗಾಜು ಪುಡಿಯಾಗೋ ಸದ್ದು ಬಂತು, ಅದು ಫೇರ್‌ಲೈಟ್. ‘ಆರ್ಮಿ ಡ್ರೀಮರ್ಸ್’ನಲ್ಲಿ ಬಂದೂಕಿನ ಕಟಕಟ ತಾಳವಾಗಿದ್ದೂ ಅದರಿಂದಲೇ. ‘ಬಬೂಷ್ಕಾ’ 5ಕ್ಕೆ ಹೋಯ್ತು, ‘ಆರ್ಮಿ ಡ್ರೀಮರ್ಸ್’ 16ಕ್ಕೆ.

ಗುಡ್ಡದಮನೆ
‘ಬಬೂಷ್ಕಾ’ ಇದ್ದ ಆಲ್ಬಂ ‘ನೆವರ್ ಫಾರ್ ಎವರ್’ ಅಲ್ವಾ? ಬ್ರಿಟನ್ನಿನಲ್ಲಿ ನಂಬರ್ ಒನ್ ಹಾಡು ಕೊಟ್ಟ ಮೊದಲ ಬ್ರಿಟಿಷ್ ಮಹಿಳೆ ಇವರೇ ಅಂತ ಓದಿದ ನೆನಪು.

ಪಟ್ಟಿಪ್ರಿಯ
ಎರಡು ವಿಷಯ ಕಲಸಿಹೋಗಿದೆ. ಬ್ರಿಟಿಷ್ ಮಹಿಳೆಯರು 50-60ರ ದಶಕದಲ್ಲೇ ಎಷ್ಟೋ ನಂಬರ್ ಒನ್ ಕೊಟ್ಟಿದ್ದಾರೆ: ಪೆಟುಲಾ ಕ್ಲಾರ್ಕ್, ಸಿಲ್ಲಾ ಬ್ಲ್ಯಾಕ್, ಸ್ಯಾಂಡಿ ಶಾ, ಡಸ್ಟಿ ಸ್ಪ್ರಿಂಗ್‌ಫೀಲ್ಡ್. ಆದ್ರೆ ಆ ಹಾಡುಗಳು ಬೇರೆಯವರು ಬರೆದವು. ತಾನೇ ಬರೆದು ತಾನೇ ಹಾಡಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆದ ಮೊದಲ ಮಹಿಳೆ ಕೇಟ್, ‘ವದರಿಂಗ್ ಹೈಟ್ಸ್’, 1978ರ ಮಾರ್ಚ್, ನಾಲ್ಕು ವಾರ. ಆಬ್ಬಾದ ‘ಟೇಕ್ ಎ ಚಾನ್ಸ್ ಆನ್ ಮಿ’ಯನ್ನ ಇಳಿಸಿ.

‘ನೆವರ್ ಫಾರ್ ಎವರ್’ದ್ದು ಆಲ್ಬಂ ದಾಖಲೆ: ಸ್ಟುಡಿಯೋ ಆಲ್ಬಮ್ಮಿನಿಂದ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದ ಮೊದಲ ಬ್ರಿಟಿಷ್ ಏಕವ್ಯಕ್ತಿ ಗಾಯಕಿ.

ಎಂಟನೇಕ್ರಾಸ್
‘ವದರಿಂಗ್ ಹೈಟ್ಸ್’ ಕೇಳೋಕೆ ಆಗಲ್ಲಪ್ಪ. ಕೀರಲು.

ಮಲೆನಾಡಮಳೆ
ಕೀರಲು ಅನ್ನಿಸ್ಬೇಕು ಅಂತಲೇ ಹಾಡಿರೋದು! ಹಾಡ್ತಿರೋದು ಕಿಟಕಿ ಹೊರಗೆ ನಿಂತ ದೆವ್ವ. ಎಮಿಲಿ ಬ್ರಾಂಟೆ ಕಾದಂಬರಿಯ ಕ್ಯಾಥಿ ಸತ್ತು ಎಷ್ಟೋ ಕಾಲದ ಮೇಲೆ ಚಳೀಲಿ ಕಿಟಕಿ ಬಡೀತಾಳಲ್ಲ, ಆ ಜಾಗ. ಹಾಡು ಬರೆಯೋ ಹೊತ್ತಿಗೆ ಆಕೆಗೆ 18. ಮೊದಲ ಪ್ರೇರಣೆ ಟಿವಿಯಲ್ಲಿ ಬಂದ 1967ರ ಬಿಬಿಸಿ ರೂಪಾಂತರದ ಕೊನೇ ಕೆಲವು ನಿಮಿಷ. ಬ್ರಾಂಟೆ ಹುಟ್ಟಿದ್ದು 1818ರ ಜುಲೈ 30, ಕೇಟ್ ಹುಟ್ಟಿದ್ದು 1958ರ ಜುಲೈ 30.

ಶ್ರುತಿಪೆಟ್ಟಿಗೆ
ನಠಭೈರವಿ ಕಂಡು ಸಿಟ್ಟಾದವರಿಗೆ ಇಲ್ಲಿ ಸಮಾಧಾನ ಇದೆ, ಈ ಹಾಡು ಯಾವ ಮೇಳಕ್ಕೂ ಸಿಗಲ್ಲ. ಚರಣದ ಸ್ವರಮೇಳಗಳು ಎ, ಎಫ್, ಇ, ಸಿ ಶಾರ್ಪ್, ನಾಲ್ಕೂ ಮೇಜರ್. ಎ ಷಡ್ಜ ಅಂತ ಹಿಡಿದ್ರೆ ಆಧಾರ ಸ್ವರಗಳು ಸ, ದ, ಪ, ಗ. ಆದ್ರೆ ಮೊದಲ ಸ್ವರಮೇಳದಲ್ಲಿ ಅಂತರ ಗಾಂಧಾರ, ಎರಡನೇದರಲ್ಲಿ ಸಾಧಾರಣ ಗಾಂಧಾರ. ಒಂದೇ ಉಸಿರಲ್ಲಿ ಎರಡೂ ಗಾಂಧಾರ. ಕಾಲ ಕೆಳಗಿನ ಹಲಗೆ ಎಳೆದಂಗೆ ಆಗೋದು ಅದಕ್ಕೆ. ಕೋರಸ್ ಬರೋ ಹೊತ್ತಿಗೆ ಷಡ್ಜವೇ ಬದಲಾಗಿ ಡಿ ಫ್ಲ್ಯಾಟ್‌ಗೆ ಬಂದಿರುತ್ತೆ. ತಾಳವೂ ಅಷ್ಟೇ, ನಾಲ್ಕರ ಎಣಿಕೇಲಿ ನಡೀತಿದ್ದಾಗ ಕೋರಸ್ಸಲ್ಲಿ ಎರಡು, ಮೂರರ ಅಳತೆ ತೂರಿಸಿದ್ದಾರೆ. ಚಪ್ಪಾಳೆ ಹೊಡೆಯೋಕೆ ಹೋದವರು ತಪ್ಪೋದು ಖಚಿತ.

ಹಾಡೋರಿಗೆ: ಚರಣ ಎದೆಯ ದನೀಲಿ ಶುರು ಮಾಡ್ಬೇಡಿ, ಕೋರಸ್ಸಿಗೆ ಗಂಟಲು ಕಟ್ಟುತ್ತೆ. ಮೊದಲ ಸಾಲಿಂದಲೇ ತಲೆಯ ದನಿ, ಬಾಯಿ ಅಗಲ ಬೇಡ, ಗಾಳಿ ಕಡಿಮೆ. ಗಂಡಸರು ಕಳ್ಳದನೀಲಿ ಹಾಡಿದ್ರೂ ಸರಿಹೋಗುತ್ತೆ, ದೆವ್ವ ತಾನೆ.

ಹಳೇತಟ್ಟೆ
ಯಾವ ವರ್ಷನ್ ಅಂತ ಕೇಳಿದ್ರಲ್ಲ, ಜನ ಹೆಚ್ಚಾಗಿ ಮೋಸ ಹೋಗೋದು ಇದೇ ಹಾಡಲ್ಲಿ. 1986ರ ‘ದ ಹೋಲ್ ಸ್ಟೋರಿ’ ಸಂಗ್ರಹದಲ್ಲಿರೋದು 1978ರದ್ದಲ್ಲ. ಹಾಡುಗಾರಿಕೆ ಹೊಸದಾಗಿ ಮಾಡಿದ್ದು, ದನಿ ದಪ್ಪ, ಡ್ರಮ್ಸಲ್ಲಿ ಎಂಬತ್ತರ ದಶಕದ ಪ್ರತಿಧ್ವನಿ. ಅಸಲಿ ಬೇಕಂದ್ರೆ ‘ದ ಕಿಕ್ ಇನ್‌ಸೈಡ್’ ಆಲ್ಬಮ್ಮಿನದ್ದನ್ನೇ ಹುಡುಕಿ. ಗುರುತು ಹಿಡಿಯೋದು ಸುಲಭ: ಹಳೇದರಲ್ಲಿ ದನಿ ಸೂಜಿ ಥರ ಇರುತ್ತೆ. ಕೊನೇಲಿ ಇಯಾನ್ ಬೇರ್ನ್‌ಸನ್ ಗಿಟಾರ್ ಸೋಲೋ ನಿಧಾನಕ್ಕೆ ಕರಗಿಹೋಗೋದನ್ನ ಹೆಡ್‌ಫೋನಲ್ಲಿ ಕೇಳಿ, ಫೋನ್ ಸ್ಪೀಕರಲ್ಲಿ ಅರ್ಧಕ್ಕೇ ಮಾಯ.

ರೆಕಾರ್ಡ್ ಕಂಪನಿ ಇಎಂಐ ಮೊದಲ ಸಿಂಗಲ್ ಆಗಿ ‘ಜೇಮ್ಸ್ ಆ್ಯಂಡ್ ದ ಕೋಲ್ಡ್ ಗನ್’ ಬಿಡೋಣ ಅಂದಿತ್ತು, ಈಕೆ ಪಟ್ಟು ಹಿಡಿದ್ರು. ಆಗ 19ರ ಹುಡುಗಿ. 1977ರ ನವೆಂಬರಿಗೆ ಬರಬೇಕಿದ್ದದ್ದು ಹೊದಿಕೆ ಚಿತ್ರದ ತಕರಾರಲ್ಲಿ 1978ರ ಜನವರಿ 20ಕ್ಕೆ ಹೋಯ್ತು. ಒಳ್ಳೇದೇ ಆಯ್ತು, ಆ ಕ್ರಿಸ್ಮಸ್ಸಿಗೆ ವಿಂಗ್ಸ್‌ನ ‘ಮಲ್ ಆಫ್ ಕಿಂಟೈರ್’ ಎಲ್ಲರನ್ನೂ ನುಂಗಿ ಕೂತಿತ್ತು.

ಪೇಡೆಪ್ರಿಯ_ಧಾರವಾಡ
ಹಿಂತಾ ಹಟಾ ಆಕೀದು ಮೊದಲಿಂದಾನೂ ಐತ್ರಿ. 1985ರಾಗೂ ಇಎಂಐದವರು ‘ಕ್ಲೌಡ್‌ಬಸ್ಟಿಂಗ್’ ಮೊದಲ ಬಿಡೂಣು ಅಂದ್ರು, ಈಕಿ ‘ರನ್ನಿಂಗ್ ಅಪ್’ ಅಂದ್ಲು. ಹೆಸರಿನ ವಿಷಯಕ್ಕ ಮಾತ್ರ ಸೋತ್ಲು. ಹಾಡಿನ ಅಸಲಿ ಹೆಸರು ‘ಎ ಡೀಲ್ ವಿತ್ ಗಾಡ್’. ದೇವರ ಹೆಸರು ಇದ್ರ ಇಟಲಿ, ಫ್ರಾನ್ಸ್, ಐರ್ಲೆಂಡ್, ಆಸ್ಟ್ರೇಲಿಯಾದಾಗ ರೇಡಿಯೋದವರು ಹಾಕಂಗಿಲ್ಲ ಅಂತ ಹೆದರಿಸಿದ್ರು. ಹಿಂದಿನ ಆಲ್ಬಂ ‘ದ ಡ್ರೀಮಿಂಗ್’ ಅಷ್ಟೇನೂ ಓಡಿರಲಿಲ್ಲ, ಅದಕ್ಕ ಒಪ್ಪಿಕೊಂಡ್ಲು. ಆಲ್ಬಮ್‌ದಾಗ ಎರಡೂ ಹೆಸರು ಉಳದಾವು.

ತೆಂಕಣಗಾಳಿ
‘ದ ಡ್ರೀಮಿಂಗ್’ 1982. ‘ದೇರ್ ಗೋಸ್ ಎ ಟೆನ್ನರ್’ ಅಂತ ಅದರ ಸಿಂಗಲ್ 93ನೇ ಸ್ಥಾನ ಕಂಡಿತು. ಅಂಥ ಏಟು ತಿಂದವರು ಮುಂದೆ ಏನು ಮಾಡಿದರು ನೋಡಿ: ಗಂಟೆ ಲೆಕ್ಕದ ಸ್ಟುಡಿಯೋ ಬಾಡಿಗೆ ಬಿಟ್ಟು, 1983ರಲ್ಲಿ ಕೆಂಟ್ ಕಡೆಯ ಮನೆತನದ ತೋಟದ ಮನೆಯಲ್ಲೇ ಸ್ವಂತ ಸ್ಟುಡಿಯೋ ಕಟ್ಟಿದರು, 48 ಟ್ರ್ಯಾಕ್. ಮನೆಯಲ್ಲಿ 8 ಟ್ರ್ಯಾಕ್ ಯಂತ್ರದಲ್ಲಿ ಮಾಡಿದ ಡೆಮೋವನ್ನು ಅಲ್ಲಿ ಬಿಸಾಡಲಿಲ್ಲ, ಅದನ್ನೇ ದೊಡ್ಡ ಟೇಪಿಗೆ ಸಾಗಿಸಿ ಅದರ ಮೇಲೇ ಕಟ್ಟಿದರು. ಡೆಮೋದಲ್ಲಿ ಇರುವ ಜೀವ ಎರಡನೇ ಸಲ ನುಡಿಸಿದಾಗ ಬರುವುದಿಲ್ಲ ಎಂಬ ಕಷ್ಟ ರೆಕಾರ್ಡಿಂಗ್ ಮಾಡುವವರಿಗೆಲ್ಲ ಗೊತ್ತು. ಗಡಿಯಾರ ನೋಡುವ ಕೆಲಸ ಇಲ್ಲದ ಕಾರಣಕ್ಕೆ ಆ ಹಾಡು ಹಾಗೆ ಬಂತು ಅಂತ ನನ್ನ ಲೆಕ್ಕ.

ಗುಡ್ಡದಮನೆ
ಇದು ನನ್ನ ಪ್ರಶ್ನೆಗೆ ಹತ್ತಿರ ಬಂತು. ಸ್ವಂತ ಸ್ಟುಡಿಯೋ, ಸ್ವಂತ ನಿರ್ಮಾಣ. ಹಕ್ಕು?

ಪಟ್ಟಿಪ್ರಿಯ
ಹಾಡು ಬರೆದವರು, ನಿರ್ಮಾಪಕರು, ಹಾಡಿದವರು ಒಬ್ಬರೇ. ಧ್ವನಿಮುದ್ರಣದ ಹಕ್ಕೂ ಅವರ ಕೈಲೇ. ಒಂದು ದೃಶ್ಯಕ್ಕೆ ಹಾಡು ಬೇಕಂದ್ರೆ ಎರಡು ಬೇರೆ ಬೇರೆ ಒಪ್ಪಿಗೆ ತಗೋಬೇಕು, ರಚನೆಗೊಂದು, ಧ್ವನಿಮುದ್ರಣಕ್ಕೊಂದು. ನಾಲ್ಕು ಜನ ಸೇರಿ ಬರೆದ ಹಾಡಾದ್ರೆ ನಾಲ್ಕೂ ಕಡೆ ಅಲೆದಾಟ. ಇಲ್ಲಿ ಎಲ್ಲ ಒಂದೇ ಬಾಗಿಲು. ಆ ಬಾಗಿಲು ಸುಲಭಕ್ಕೆ ತೆರೆಯಲ್ಲ ಅನ್ನೋದು ಬೇರೆ ಮಾತು. ಮ್ಯಾಕ್ಸ್ ಪಾತ್ರದ ದೃಶ್ಯಗಳ ಸ್ಕ್ರಿಪ್ಟ್ ನೋಡಿದ ಮೇಲೆ ಒಪ್ಪಿದ್ದು. ಸೀರೀಸನ್ನ ಮೊದಲೇ ಇಷ್ಟಪಟ್ಟು ನೋಡ್ತಿದ್ರಂತೆ.

ಇನ್ನೊಂದು. ಅದು ಹಿನ್ನೆಲೇಲಿ ಒಂದ್ಸಲ ಬಂದು ಹೋಗಲ್ಲ. ಆ ಹುಡುಗಿ ವಾಕ್‌ಮನ್‌ನಲ್ಲಿ ಕೇಳೋ ಹಾಡು, ಅದು ನಿಂತ್ರೆ ಅವಳು ಉಳಿಯಲ್ಲ. ಹಾಡು ಕಥೆಯ ಪಾತ್ರವೇ ಆಗಿಹೋಗಿದೆ. ಮೆಟಾಲಿಕಾ ಹಾಡು ಒಂದು ಸಾಹಸ ದೃಶ್ಯಕ್ಕೆ ಬಂದು ಮುಗೀತು. ಬಂದಿದ್ದೂ ಜುಲೈನಲ್ಲಿ, ಸೀಸನ್ನಿನ ಎರಡನೇ ಭಾಗದಲ್ಲಿ.

ಎಂಟನೇಕ್ರಾಸ್
ಏನೇ ಅನ್ನಿ, ಅಡೆಲ್ ಮುಂದೆ ಇವರ ಮಾರಾಟ ಎಷ್ಟು? ಅಡೆಲ್ ‘21’ ಒಂದೇ ಆಲ್ಬಂ ಸಾಕು.

ಮಲೆನಾಡಮಳೆ
ಮಾರಾಟದಲ್ಲಿ ಅಡೆಲ್ ಮುಂದೆ, ತಕರಾರಿಲ್ಲ. ಆದ್ರೆ ಹೋಲಿಕೆ ಸರಿಯಿಲ್ಲ. ಕೇಟ್ 1979ರಲ್ಲಿ ಒಂದು ಪ್ರವಾಸ ಮಾಡಿದ್ದು ಬಿಟ್ರೆ 35 ವರ್ಷ ಪೂರ್ತಿ ಕಛೇರಿ ಕೊಡಲಿಲ್ಲ. ಪ್ರವಾಸವಿಲ್ಲದೆ ಹೆಸರು ಉಳಿಸ್ಕೊಳ್ಳೋದು ಪಾಪ್ ಲೋಕದಲ್ಲಿ ಎಷ್ಟು ಕಷ್ಟ ಅಂತ ಯೋಚ್ನೆ ಮಾಡಿ.

ಆ 1979ರ ಪ್ರವಾಸದಲ್ಲಿ ಹಾಡ್ತಾ ಕುಣೀಬೇಕಿತ್ತು, ಕೈ ಖಾಲಿ ಇರ್ಬೇಕಿತ್ತು. ಸೌಂಡ್ ಎಂಜಿನಿಯರ್ ಬಟ್ಟೆ ನೇತುಹಾಕೋ ತಂತಿ ಹ್ಯಾಂಗರ್ ಬಗ್ಗಿಸಿ ತಲೆಗೆ ಸಿಕ್ಕಿಸಿ, ಬಾಯಿ ಹತ್ರ ಪುಟ್ಟ ವೈರ್‌ಲೆಸ್ ಮೈಕು ಕೂರಿಸಿದ್ರು. ಇವತ್ತು ಎಲ್ಲ ಗಾಯಕಿಯರೂ ಹಾಕ್ಕೊಳ್ಳೋ ಹೆಡ್‌ಸೆಟ್ಟಿನ ಅಜ್ಜಿ ಅದು.

ಕೀಲಿಮಣೆಕಿಟ್ಟಿ
2014ರಲ್ಲಿ ಹ್ಯಾಮರ್‌ಸ್ಮಿತ್ ಅಪೊಲೊದಲ್ಲಿ 22 ರಾತ್ರಿ ಹಾಡಿದಾಗ ಟಿಕೆಟ್ 15 ನಿಮಿಷಕ್ಕೆ ಖಾಲಿ. ಫೋನ್ ತೆಗೀಬೇಡಿ ಅಂತ ಮೊದಲೇ ಕೇಳ್ಕೊಂಡಿದ್ರು, ಜನ ಕೇಳಿದ್ರು ಕೂಡ. ಮೊದಲ ನಾಲ್ಕು ಆಲ್ಬಮ್ಮಿನ ಒಂದು ಹಾಡೂ ಹಾಡಲಿಲ್ಲ. ‘ವದರಿಂಗ್ ಹೈಟ್ಸ್’ ಇಲ್ಲ, ‘ಬಬೂಷ್ಕಾ’ ಇಲ್ಲ. ನಮ್ಮಲ್ಲಿ ಹಂಗೆ ಮಾಡಿದ್ರೆ ಚೀಟಿ ಮೇಲೆ ಚೀಟಿ ಬರ್ತಿತ್ತು ವೇದಿಕೆಗೆ.

ಪಟ್ಟಿಪ್ರಿಯ
ಅದೇ ವಾರ ಟಾಪ್ 40ರಲ್ಲಿ ಒಟ್ಟಿಗೆ 8 ಆಲ್ಬಂ. ಯಾವ ಮಹಿಳೆಯೂ ಅಲ್ಲಿತನಕ ಮಾಡಿರಲಿಲ್ಲ.

ತೆಂಕಣಗಾಳಿ
‘ಕ್ಲೌಡ್‌ಬಸ್ಟಿಂಗ್’ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದೇ ಮೇಲು. ವಿಲ್ಹೆಮ್ ರೈಕ್ ಎಂಬ ಮನೋವಿಜ್ಞಾನಿ ಮಳೆ ತರಿಸುತ್ತೇನೆ ಅಂತ ಆಕಾಶಕ್ಕೆ ಕೊಳವೆ ತಿರುಗಿಸಿದ ಯಂತ್ರ ಮಾಡಿದ್ದರು. ಅವರ ಬಂಧನವನ್ನು ಮಗ ಪೀಟರ್ ನೆನಪಿಸಿಕೊಂಡು ಬರೆದ ಪುಸ್ತಕದಿಂದ ಹಾಡು ಹುಟ್ಟಿತು. ವಿಡಿಯೋದಲ್ಲಿ ತಂದೆಯಾಗಿ ಡೊನಾಲ್ಡ್ ಸದರ್ಲೆಂಡ್, ಮಗನಾಗಿ ಕೇಟ್ ಅವರೇ.

ಹಾಡಿನಲ್ಲಿ ಬೇಸ್ ಗಿಟಾರ್, ಡ್ರಮ್ ಕಿಟ್ ಮುಂದೆ ನಿಲ್ಲುವುದಿಲ್ಲ. ತಂತಿವಾದ್ಯದವರ ಷಡ್ವಾದ್ಯ ಒಂದೇ ನಡೆಯಲ್ಲಿ ಕಡಿಯುತ್ತ ಹೋಗುತ್ತದೆ. ಕೊನೆಗೆ ರೈಲಿನಂತೆ ಉಗಿ ಬಿಟ್ಟು ನಿಲ್ಲುತ್ತದಲ್ಲ, ಅದು ಮೊದಲೇ ಯೋಜಿಸಿದ ಸೊಗಸಲ್ಲ. ಮುಕ್ತಾಯ ಸರಿಯಾಗಿ ಕೂಡಲಿಲ್ಲ, ಒಬ್ಬೊಬ್ಬರು ಒಂದೊಂದು ಕಡೆ ನಿಂತರು. ಅದನ್ನು ಮುಚ್ಚಲಿಕ್ಕೆ ಉಗಿಬಂಡಿಯ ಸದ್ದು ಹಾಕಿದರು. ಚಾರ್ಟ್‌ನಲ್ಲಿ 20. 1992ರಲ್ಲಿ ಯೂಟಾ ಸೇಂಟ್ಸ್ ಅದರ ಒಂದು ತುಂಡು ಕತ್ತರಿಸಿ ‘ಸಮ್‌ಥಿಂಗ್ ಗುಡ್’ ಮಾಡಿ 4ಕ್ಕೆ ಕೊಂಡುಹೋದರು.

ಹಳೇತಟ್ಟೆ
‘ಹೌಂಡ್ಸ್ ಆಫ್ ಲವ್’ ಹಾಡಲ್ಲೂ ಬೇಸ್ ಗಿಟಾರ್ ಇಲ್ಲ. ಎರಡು ಡ್ರಮ್ಮು, ಸೆಲ್ಲೋ. ಅದು 18ಕ್ಕೆ ನಿಂತಿತ್ತು, ಫ್ಯೂಚರ್‌ಹೆಡ್ಸ್ 2005ರಲ್ಲಿ 8ಕ್ಕೆ ಒಯ್ದರು. ಇವರ ಹಾಡನ್ನ ಬೇರೆಯವರು ಇನ್ನೂ ಮೇಲೆ ಹತ್ತಿಸಿದ್ದು ಹೀಗೆ ಎರಡು ಸಲ ಆಯ್ತು.

ಈ ಹಾಡುಗಳಿರೋ ‘ಹೌಂಡ್ಸ್ ಆಫ್ ಲವ್’ ಆಲ್ಬಂ ಕೇಳೋ ವಿಧಾನ ಹೇಳಿಬಿಡ್ತೀನಿ. ಎರಡು ಬದಿ ಎರಡು ಬೇರೆ ಕೃತಿ. ಮೊದಲ ಬದೀಲಿ ಐದು ಹಾಡು, ನಾಲ್ಕು ಸಿಂಗಲ್ ಅಲ್ಲಿಂದಲೇ. ಎರಡನೇ ಬದಿ ‘ದ ನೈಂತ್ ವೇವ್’, ಏಳು ತುಂಡು, ಒಂದೇ ಕಥೆ: ರಾತ್ರಿ ಸಮುದ್ರದಲ್ಲಿ ಲೈಫ್ ಜಾಕೆಟ್ ಹಾಕ್ಕೊಂಡು ಒಬ್ಬಳೇ ತೇಲ್ತಿರೋ ಹೆಂಗಸು, ನಿದ್ದೆ ಬಂದ್ರೆ ಮುಳುಗ್ತಾಳೆ. ಆ್ಯಪ್‌ನಲ್ಲಿ ಕೇಳೋರು ಮೊದಲು ಶಫಲ್ ತೆಗೀರಿ, ಕ್ರಾಸ್‌ಫೇಡ್ ಸೊನ್ನೆಗೆ ತನ್ನಿ, ಗ್ಯಾಪ್‌ಲೆಸ್ ಆನ್ ಮಾಡಿ. ಕ್ರಾಸ್‌ಫೇಡ್ ಹಾಗೇ ಬಿಟ್ರೆ ‘ಅಂಡರ್ ಐಸ್’ ಕೊನೆ ಮೇಲೆ ‘ವೇಕಿಂಗ್ ದ ವಿಚ್’ ಶುರು ಬಿದ್ದು, ಅವಳನ್ನ ಎಬ್ಬಿಸೋ ಆ ದನಿಗಳೆಲ್ಲ ಕಲಸುಮೇಲೋಗರ. ಬ್ಲೂಟೂತ್ ಸ್ಪೀಕರ್ ಒಂದೇ ಇದ್ರೆ ಈ ಬದಿ ಬೇಡ, ದನಿಗಳು ಎಡಕ್ಕೂ ಬಲಕ್ಕೂ ಓಡಾಡ್ತವೆ, ಹೆಡ್‌ಫೋನೇ ಬೇಕು.

ಆ್ಯಪ್‌ನಲ್ಲಿ ಸಾಮಾನ್ಯವಾಗಿ ಸಿಗೋದು 2018ರ ರೀಮಾಸ್ಟರ್, ಜೇಮ್ಸ್ ಗತ್ರಿ ಜೊತೆ ಕೇಟ್ ಅವರೇ ಕೂತು ಮಾಡಿದ್ದು. ಧೈರ್ಯವಾಗಿ ಕೇಳಿ.

ಪೇಡೆಪ್ರಿಯ_ಧಾರವಾಡ
ನನಗ ‘ದಿಸ್ ವುಮನ್ಸ್ ವರ್ಕ್’ ಭಾಳ ಸೇರತೈತ್ರಿ. ಆ ಹಾಡು ಬರೋ ಸಿನಿಮಾದಾಗ ಹೆರಿಗಿ ಕೋಣಿ ಹೊರಗ ಗಂಡ ಕುಂತಿರತಾನ, ಒಳಗ ಏನಾಗತೈತೋ ಗೊತ್ತಿಲ್ಲ. ಹಾಡು ಪೂರಾ ಅಂವನ ಮನಸ್ಸಿನ ಕಡೆಯಿಂದ. 1989ರಾಗ 25ಕ್ಕ ಅಷ್ಟ ಬಂದಿದ್ದು. ಮುಂದ ಮ್ಯಾಕ್ಸ್‌ವೆಲ್ ಹಾಡಿದ ಮ್ಯಾಲೆ ಅಮೆರಿಕಾದ ಮಂದಿ ಅದು ಆತಂದ ಹಾಡು ಅಂತ ತಿಳಕೊಂಡಾರ!

ಎಂಟನೇಕ್ರಾಸ್
ಎಂಜಿನಿಯರಿಂಗ್ ಜನಕ್ಕೆ ಒಂದು: ಇವರೇ ಅಲ್ವಾ ಪೈ ಸಂಖ್ಯೆ ಹಾಡಿದ್ದು? ಅದರಲ್ಲಿ ತಪ್ಪಿದೆ ಅಂತಾರೆ.

ಶ್ರುತಿಪೆಟ್ಟಿಗೆ
ಹೌದು, 2005ರ ‘ಏರಿಯಲ್’ ಆಲ್ಬಮ್ಮಿನ ‘ಪೈ’. ದಶಾಂಶದ 78ನೇ ಅಂಕಿವರೆಗೆ ಸರಿಯಾಗಿ ಹಾಡಿ, ಅಲ್ಲಿಂದ ಸೀದಾ 101ಕ್ಕೆ ಹಾರಿ 137ರವರೆಗೆ ಹೋಗ್ತಾರೆ. ನಡುವಿನ 22 ಅಂಕಿ ನಾಪತ್ತೆ. ವಿಚಿತ್ರ ಅಂದ್ರೆ 22ನ್ನ 7ರಿಂದ ಭಾಗಿಸೋದೇ ನಮಗೆ ಶಾಲೇಲಿ ಕಲಿಸಿದ ಪೈ.

ಎಂಟನೇಕ್ರಾಸ್
ಈಗ ನೀವೂ ಆ ಸೀರೀಸ್ ಜನರ ಥರ ಆದ್ರಿ. ಸುಮ್ನೆ ಎಲ್ಲ ಕಡೆ ಸುಳಿವು ಹುಡುಕೋದು.

ಕೀಲಿಮಣೆಕಿಟ್ಟಿ
ಗುಡ್ಡದಮನೆಯವರೇ, ಡ್ರೋನ್ ಹಾಕಿ ನುಡಿಸಿದ್ರಾ ಇಲ್ವಾ?

ಗುಡ್ಡದಮನೆ
ಹಾಕಿದೆ. ಎರಡನೇ ಕಾರ್ಡ್ ಕಚ್ತು. ಹೈ-ಹ್ಯಾಟ್ ತೆಗೆದೆ. ಈಗ ಜಿ ಮೈನರ್ ಎಲ್ಲಿ ಬರುತ್ತೆ ಅಂತ ಹುಡುಕ್ತಿದ್ದೀನಿ, ಹೇಳ್ಬೇಡಿ.